ಎಂಸಿಆರ್-1: ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುವ ಜೀನ್

'ಆ ಆಂಟಿಬಯೋಟಿಕ್ ನನಗೆ ನಾಟಲ್ಲ' ಅನ್ನುವವರು ಎಲ್ಲ ಕಡೆ ಸಿಗುತ್ತಾರೆ. ನಿಜವಾಗಿ ಔಷಧಿಗೆ ಜಗ್ಗದೆ ನಿಲ್ಲುವುದು ನಮ್ಮ ಮೈಯಲ್ಲ, ಮೈಯೊಳಗಿರುವ ಬ್ಯಾಕ್ಟೀರಿಯಾ. ಎಷ್ಟೋ ಸಲ ಅದಕ್ಕೆ ಆ ಬಲ ಕೊಡುವುದು ಒಂದೇ ಒಂದು ಜೀನ್. ಅದನ್ನು ಪ್ರತಿರೋಧ ಜೀನ್ ಅನ್ನುತ್ತಾರೆ.

ಎಂಸಿಆರ್-1 ಅಂಥದ್ದೊಂದು. ಚೀನಾದ ಶಾಂಘೈನ ಹಂದಿ ಫಾರ್ಮಿನಲ್ಲಿ ಸಿಕ್ಕ ಇ. ಕೋಲಿ ಅನ್ನುವ ಕರುಳಿನ ಬ್ಯಾಕ್ಟೀರಿಯಾಕ್ಕೆ ಕೊಲಿಸ್ಟಿನ್ ಅನ್ನುವ ಔಷಧಿ ನಾಟಲಿಲ್ಲ. ಅದರ ಜಾಡು ಹಿಡಿದು ಹೋದ ವಿಜ್ಞಾನಿಗಳು 2015ರ ನವೆಂಬರ್‌ನಲ್ಲಿ ಈ ಜೀನ್ ಬಗ್ಗೆ ಬರೆದರು. ಅವರು ನೋಡಿದ 523 ಹಸಿ ಮಾಂಸದ ಮಾದರಿಗಳಲ್ಲಿ 78ರಲ್ಲಿ ಅದು ಇತ್ತು. ಆಸ್ಪತ್ರೆ ರೋಗಿಗಳ 1,322 ಮಾದರಿಗಳಲ್ಲಿ 16ರಲ್ಲೂ ಇತ್ತು.

ಕೊಲಿಸ್ಟಿನ್ ಹಳೆಯ ಔಷಧಿ. ಕಿಡ್ನಿಗೆ ತೊಂದರೆ ಅಂತ ಡಾಕ್ಟರುಗಳು ಬದಿಗಿಟ್ಟಿದ್ದರು. ಬೇರೆ ಔಷಧಿಗಳು ಸೋಲತೊಡಗಿದಾಗ ಐಸಿಯುಗಳಲ್ಲಿ ಅದೇ ಕೊನೆಯ ಆಸರೆಯಾಯಿತು. ಅದೇ ಔಷಧಿಯನ್ನು ಹಂದಿ, ಕೋಳಿ ಬೇಗ ದಪ್ಪಗಾಗಲಿ ಅಂತ ಮೇವಿಗೂ ಬೆರೆಸುತ್ತಿದ್ದರು. ಸಾಯುವ ಸ್ಥಿತಿಯಲ್ಲಿರುವವರಿಗೆ ಉಳಿದಿರುವ ಔಷಧಿಯನ್ನು ಕೋಳಿಯ ತೂಕ ಹೆಚ್ಚಿಸಲು ಸುರಿಯುವುದನ್ನು ನನ್ನಿಂದ ಒಪ್ಪಲಾಗದು.

ಕೊಲಿಸ್ಟಿನ್‌ಗೆ ಪಾಸಿಟಿವ್ ಚಾರ್ಜ್, ಬ್ಯಾಕ್ಟೀರಿಯಾದ ಹೊರಪೊರೆಗೆ ನೆಗೆಟಿವ್. ಹಾಗಾಗಿ ಔಷಧಿ ಹೋಗಿ ಅಂಟಿಕೊಂಡು ಪೊರೆಯನ್ನು ಹಾಳುಮಾಡುತ್ತದೆ. ಎಂಸಿಆರ್-1 ಇದ್ದರೆ ಪೊರೆಯ ನೆಗೆಟಿವ್ ಚಾರ್ಜ್ ತಗ್ಗುತ್ತದೆ, ಔಷಧಿಗೆ ಹಿಡಿತ ಸಿಗುವುದಿಲ್ಲ.

ಇದಕ್ಕಿಂತ ಜಾಸ್ತಿ ಚಿಂತೆಯ ವಿಷಯ, ಈ ಜೀನ್ ಕೂತಿರುವ ಜಾಗ. ಅದು ಪ್ಲಾಸ್ಮಿಡ್ ಅನ್ನುವ ಪುಟ್ಟ ಡಿಎನ್‌ಎ ಬಳೆಯಲ್ಲಿದೆ. ಎರಡು ಬ್ಯಾಕ್ಟೀರಿಯಾ ಅಂಟಿಕೊಂಡಾಗ ಆ ಬಳೆಯ ಒಂದು ಪ್ರತಿ ಪಕ್ಕದ್ದಕ್ಕೆ ದಾಟಬಹುದು. ಮಾಂಸದ ಜೊತೆ ಬಂದ ಇ. ಕೋಲಿ ನಮಗೆ ಏನೂ ಮಾಡದೆ ಇರಬಹುದು. ಆದರೆ ಕರುಳಿನಲ್ಲಿ ರೋಗ ತರುವ ಇನ್ನೊಂದಕ್ಕೆ ಜೀನ್ ಕೊಟ್ಟು ಹೋಗಬಹುದು, ಅಲ್ವಾ?

ಪ್ರತಿರೋಧ ಅಂದ ತಕ್ಷಣ ಎಲ್ಲಕ್ಕೂ ಹೆದರಬೇಕಿಲ್ಲ. ಇಡ್ಲಿ ಹಿಟ್ಟು ಉಬ್ಬಿಸುವ ಬ್ಯಾಕ್ಟೀರಿಯಾ ಲ್ಯುಕೊನೊಸ್ಟಾಕ್‌ಗೆ ವ್ಯಾಂಕೊಮೈಸಿನ್ ಅನ್ನುವ ಔಷಧಿ ಹುಟ್ಟಿನಿಂದಲೇ ನಾಟುವುದಿಲ್ಲ. ಅದರ ಗೋಡೆಯ ಕಟ್ಟಡವೇ ಹಾಗೆ. ಹೀಗೆ ಬಳೆಯಲ್ಲಿ ದಾಟುವ ಗುಣ ಅದಲ್ಲ.

ಚೆನ್ನಾಗಿ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಎಡವಟ್ಟಾಗುವುದು ಅದಕ್ಕೂ ಮುಂಚೆ. ಹಸಿ ಕೋಳಿ ಹೆಚ್ಚಿದ ಮಣೆಯನ್ನು ಸುಮ್ನೆ ಬಟ್ಟೆಯಲ್ಲಿ ಒರೆಸಿ, ಅದರ ಮೇಲೇ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತೇವೆ. ಸೌತೆಕಾಯಿ ಬೇಯುವುದಿಲ್ಲ.

ಭಾರತ ಸರ್ಕಾರ 2019ರ ಜುಲೈನಲ್ಲಿ ಕೋಳಿ ಮತ್ತು ಇತರ ಆಹಾರದ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಚೀನಾ 2017ರಲ್ಲೇ ದಪ್ಪಗಾಗಿಸಲು ಮೇವಿಗೆ ಬೆರೆಸುವುದನ್ನು ನಿಲ್ಲಿಸಿತ್ತು. ಆಮೇಲೆ ಅಲ್ಲಿನ ಹಂದಿಗಳಲ್ಲೂ ಆರೋಗ್ಯವಾಗಿದ್ದ ಜನರ ಕರುಳಿನಲ್ಲೂ ಎಂಸಿಆರ್-1 ಕಡಿಮೆಯಾಯಿತು.