ವಯಸ್ಕರ ವಿಡಿಯೊ: ಚೀಟಿ ಯಾವುದಕ್ಕೆ, ಕತ್ತರಿ ಯಾವುದಕ್ಕೆ?

ವಿಡಿಯೊ ತಾಣಗಳು ಯಾವುದಕ್ಕೆ ಎಚ್ಚರಿಕೆಯ ಚೀಟಿ ಅಂಟಿಸಬೇಕು, ಯಾವುದನ್ನು ಕತ್ತರಿಸಿ ತೆಗೆಯಬೇಕು? ಎರಡು ವಿಡಿಯೊಗಳಿಂದ ಶುರು ಮಾಡುತ್ತೇನೆ. ದಕ್ಷಿಣ ಕನ್ನಡದ ವೇಣೂರಿನ ಬಾಹುಬಲಿಗೆ ಸುಮಾರು 35 ಅಡಿ ಎತ್ತರ, ನಿಲ್ಲಿಸಿದ್ದು 1604ರಲ್ಲಿ. 2024ರ ಫೆಬ್ರವರಿ ಕೊನೆಗೆ ವೇಣೂರಿನಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಹೋಗಲಾಗದವರು ಮಂಗಳೂರು, ಉಡುಪಿಯ ಮನೆಗಳಲ್ಲಿ ಕೂತು ಫೋನಿನಲ್ಲೇ ನೋಡಿದರು. ಮೂರ್ತಿ ಬೆತ್ತಲೆಯೇ. ಹಾಲು, ಅರಿಶಿನ, ಚಂದನ ಮೈಮೇಲೆ ಇಳಿಯುವುದನ್ನು ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ನೋಡುವುದರಲ್ಲಿ ನಮ್ಮೂರಲ್ಲಿ ಯಾರಿಗೂ ಮುಜುಗರ ಇಲ್ಲ.

ಈಗ ಇನ್ನೊಂದು ವಿಡಿಯೊ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಒಂದು ಹೋಮ್‌ಸ್ಟೇಗೆ ಗುಂಪೊಂದು ನುಗ್ಗಿತು. ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರನ್ನು ಹೊಡೆಯಿತು. ಕ್ಯಾಮೆರಾ ಅಲ್ಲೇ ಇತ್ತು. ಆ ಹುಡುಗಿಯರು ಮುಖ ಮುಚ್ಚಿಕೊಳ್ಳಲು ಒದ್ದಾಡಿದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು.

ಬೆತ್ತಲೆ ಹುಡುಕುವ ಯಂತ್ರದ ಮುಂದೆ ಈ ಎರಡನ್ನೂ ಇಟ್ಟರೆ ಅದಕ್ಕೆ ಅನುಮಾನ ಬರುವುದು ವೇಣೂರಿನ ಮೇಲೆ. ಪಡೀಲಿನದು ಸಲೀಸಾಗಿ ದಾಟಿಹೋಗುತ್ತದೆ. ಆದರೆ ನಿಜವಾಗಿ ಯಾರಿಗಾದರೂ ನೋವು ಮಾಡಿದ್ದು ಯಾವುದು?

ವಿಡಿಯೊಗಳನ್ನು ಪಟ್ಟಿ ಮಾಡುವ ತಾಣಗಳು, ಹುಡುಕಿ ಕೊಡುವ ತಾಣಗಳು ವಯಸ್ಕರ ವಿಷಯವನ್ನು ಏನು ಮಾಡಬೇಕು ಅನ್ನುವ ಜಗಳ ಇಂದಿನದಲ್ಲ. ಇಷ್ಟು ವರ್ಷದ ಕತೆ ಓದಿದರೆ ನನಗೆ ಒಂದು ಮಾತು ಸ್ಪಷ್ಟ. ನಾವು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಕಲಸಿಬಿಟ್ಟಿದ್ದೇವೆ. ಇದು ದೊಡ್ಡವರಿಗೆ ಮಾತ್ರವಾ ಅನ್ನುವುದು ಒಂದು ಪ್ರಶ್ನೆ. ಇದರಲ್ಲಿ ಕಾಣುವವರು ಒಪ್ಪಿದ್ದಾರಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಚೀಟಿ ಅಂಟಿಸಿದರೆ ಸಾಕು. ಎರಡನೆಯದಕ್ಕೆ ಮಾತ್ರ ಕತ್ತರಿ ಬೇಕು.

ಸಿನಿಮಾ ಕಾಲದಲ್ಲಿ ಚೀಟಿ, ಕತ್ತರಿ ಎರಡೂ ಒಂದೇ ಕೈಯಲ್ಲಿದ್ದವು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಕೆಳಗೆ ಯು (ಎಲ್ಲರಿಗೂ), ಎ (ವಯಸ್ಕರಿಗೆ ಮಾತ್ರ) ಎಂಬ ಎರಡು ಗುರುತುಗಳಿದ್ದವು. ಯುಎ (ಹಿರಿಯರ ಮಾರ್ಗದರ್ಶನದಲ್ಲಿ ಮಕ್ಕಳಿಗೂ) ಮತ್ತು ಎಸ್ (ವೈದ್ಯರಂಥ ವಿಶೇಷ ಪ್ರೇಕ್ಷಕರಿಗೆ) ಸೇರಿದ್ದು 1983ರಲ್ಲಿ. ಯುಎಯನ್ನು 7, 13, 16 ವರ್ಷ ಅಂತ ಒಡೆದದ್ದು 2023ರ ತಿದ್ದುಪಡಿ. ಆದರೆ ಎ ಗುರುತು ಕೊಟ್ಟ ಮೇಲೂ ಸೆನ್ಸಾರ್ ಮಂಡಳಿ ದೃಶ್ಯ ಕತ್ತರಿಸುತ್ತಿತ್ತು. ಸಿನಿಮಾ ನಿರ್ದೇಶಕ ಕೆ.ಎ. ಅಬ್ಬಾಸ್ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. 1970ರ ತೀರ್ಪು ಸೆನ್ಸಾರನ್ನು ಎತ್ತಿಹಿಡಿಯಿತು ನಿಜ. ಅದರ ಜೊತೆಗೆ ಲೈಂಗಿಕತೆ ಎಂದರೆ ಅಶ್ಲೀಲವೇ ಎಂದು ತಿಳಿಯುವುದು ತಪ್ಪು ಎಂದೂ ಹೇಳಿತು. ಆ ಎರಡನೆಯ ಮಾತು ಯಾರ ಕಿವಿಗೂ ಸರಿಯಾಗಿ ಬಿದ್ದ ಹಾಗಿಲ್ಲ.

ನಮ್ಮ ಕರಾವಳಿಗೆ ಗಲ್ಫಿನಿಂದ ಬಂದವರ ಸಾಮಾನಿನ ಜೊತೆ ವಿಸಿಆರ್ ಬಂತು. ಬೆನ್ನಿಗೇ ವಿಡಿಯೊ ಲೈಬ್ರರಿಗಳು ಬಂದವು. ಕೌಂಟರಿನ ಮೇಲೆ ಕ್ಯಾಸೆಟ್ಟುಗಳ ಹೆಸರು ಬರೆದ ಪುಸ್ತಕ ಇರುತ್ತಿತ್ತು. ಬ್ಲೂ ಫಿಲ್ಮು ಅದರಲ್ಲಿ ಇರುತ್ತಿರಲಿಲ್ಲ, ಕೇಳಿದವರಿಗೆ ಕೆಳಗಿನಿಂದ ಬರುತ್ತಿತ್ತು. ಇದರಿಂದ ಮಕ್ಕಳು ಬಚಾವಾದರು ಅಂತ ಅನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ಪಟ್ಟಿಯಲ್ಲೇ ಇಲ್ಲದ ಕ್ಯಾಸೆಟ್ಟಿನಲ್ಲಿ ಏನಿದೆ, ಯಾರಿದ್ದಾರೆ, ಅವರಿಗೆ ಗೊತ್ತಿದೆಯಾ ಎಂದು ಕೇಳುವವರೇ ಇರಲಿಲ್ಲ. ಕದ್ದು ತೆಗೆದ ದೃಶ್ಯಕ್ಕೂ, ನಟರು ಒಪ್ಪಿ ಮಾಡಿದ ಸಿನಿಮಾಕ್ಕೂ ಅಲ್ಲಿ ವ್ಯತ್ಯಾಸ ಇಲ್ಲ. ಎರಡೂ ಒಂದೇ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಹೋಗುತ್ತಿದ್ದವು.

ಆಮೇಲೆ ಸೈಬರ್ ಕೆಫೆಗಳ ಕಾಲ. ಹಂಪನಕಟ್ಟೆ, ಮಣಿಪಾಲದ ಆಸುಪಾಸಿನ ಕಾಲೇಜುಗಳಲ್ಲಿ ಓದಿದವರಿಗೆ ಆ ಪ್ಲೈವುಡ್ ಗೂಡುಗಳು ನೆನಪಿರಬೇಕು. ಸರ್ಕಾರ ಇದಕ್ಕೆ ಕೊಟ್ಟ ಉತ್ತರ ಬಡಗಿಯ ಅಳತೆಯಲ್ಲಿತ್ತು. 2011ರ ಸೈಬರ್ ಕೆಫೆ ನಿಯಮದ ಪ್ರಕಾರ ಗೂಡಿನ ಗೋಡೆ ನಾಲ್ಕೂವರೆ ಅಡಿ ದಾಟಬಾರದು. ಗೂಡಿಲ್ಲದ ಕಡೆ ಪರದೆ ಹೊರಗೆ ಎಲ್ಲರಿಗೂ ಕಾಣುವ ಹಾಗೆ ಇರಬೇಕು. ಮನೆಯವರು ಜೊತೆಗಿಲ್ಲದೆ ಮಕ್ಕಳನ್ನು ಗೂಡಿಗೆ ಬಿಡಬಾರದು. ಅಷ್ಟು ಹೊತ್ತಿಗೆ ಇಂಟರ್ನೆಟ್ ಜೇಬಿಗೆ ಇಳಿಯಲು ಶುರುವಾಗಿತ್ತು, ಅಲ್ವಾ? ಗೋಡೆ ಅಳೆಯುವುದು ಬೇಗನೆ ಅರ್ಥ ಕಳೆದುಕೊಂಡಿತು.

ಪಟ್ಟಿ ಮಾಡುವ ತಾಣದ ಹೊಣೆ ಏನು ಎಂದು ದೇಶ ಮೊದಲು ಗಂಭೀರವಾಗಿ ಕೇಳಿದ್ದು 2004ರಲ್ಲಿ, ಬಾಝೀ.ಕಾಂ ಪ್ರಕರಣದಲ್ಲಿ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಾಝೀ ಎಂದರೆ ಯಾರು ಏನನ್ನು ಬೇಕಾದರೂ ಮಾರಬಹುದಾದ ಹರಾಜು ತಾಣ. ನವೆಂಬರ್ 27ರ ರಾತ್ರಿ ಅಲ್ಲಿ ಒಬ್ಬ 125 ರೂಪಾಯಿಗೆ ಒಂದು ವಿಡಿಯೊ ಮಾರಲು ಇಟ್ಟ. ಶಾಲಾ ಮಕ್ಕಳಿಬ್ಬರ ಖಾಸಗಿ ದೃಶ್ಯ ಅದು. ವಿಡಿಯೊ ಬಾಝೀಯ ಕಂಪ್ಯೂಟರಿನಲ್ಲಿ ಇರಲೇ ಇಲ್ಲ. ಅಲ್ಲಿದ್ದದ್ದು ಹೆಸರು, ವಿವರಣೆ, ಬೆಲೆ. ದುಡ್ಡು ಕೊಟ್ಟವರಿಗೆ ಮಾರಿದವನೇ ಇಮೇಲಿನಲ್ಲಿ ಕಳಿಸುತ್ತಿದ್ದ. ಬೇಡದ ಪದ ಹಿಡಿಯುವ ಜರಡಿ ಬಾಝೀಯಲ್ಲಿತ್ತು, ಆದರೂ ಈ ವಿವರಣೆ ನುಸುಳಿತು. ದೂರು ಬೇಗನೆ ಬಂತು. ಅದು ಪಟ್ಟಿಯಿಂದ ಇಳಿದದ್ದು ಮಾತ್ರ 29ರ ಬೆಳಿಗ್ಗೆ. ಅಷ್ಟರಲ್ಲಿ ಕೊಳ್ಳುವವರು ಕೊಂಡಾಗಿತ್ತು.

ಡಿಸೆಂಬರಿನಲ್ಲಿ ಕಂಪನಿಯ ಸಿಇಒ ಬಂಧನವಾಯಿತು. ಪ್ರಕರಣ ಎಂಟು ವರ್ಷ ಎಳೆಯಿತು, 2012ರಲ್ಲಿ ಸುಪ್ರೀಂ ಕೋರ್ಟು ಅವರ ಮೇಲಿನ ಮೊಕದ್ದಮೆ ರದ್ದು ಮಾಡಿತು. ಈ ನಡುವೆ 2008ರಲ್ಲಿ ಐಟಿ ಕಾಯ್ದೆಗೆ ತಿದ್ದುಪಡಿ ಬಂತು. ಬೇರೆಯವರು ಹಾಕಿದ ವಿಷಯಕ್ಕೆ ತಾಣವನ್ನು ನೇರ ಹೊಣೆ ಮಾಡದ 79ನೇ ಸೆಕ್ಷನ್ ಗಟ್ಟಿಯಾಯಿತು. ಮಕ್ಕಳ ಲೈಂಗಿಕ ದೃಶ್ಯಗಳಿಗೆ ಶಿಕ್ಷೆ ಕೊಡುವ 67ಬಿ ಸೇರಿತು.

ಆದರೆ ಇಡೀ ಚರ್ಚೆ ನಡೆದದ್ದು ಅಶ್ಲೀಲದ ಮೇಲೆ. ಆ ಹುಡುಗಿಯ ಒಪ್ಪಿಗೆ ಇಲ್ಲದೆ ಅದು ಊರೂರು ಸುತ್ತಿತು ಅನ್ನುವುದು ಬದಿಗೆ ಸರಿಯಿತು. ನನಗೆ ಸಿಟ್ಟು ಬರುವುದು ಇಲ್ಲೇ.

ಇದೇ ಹೊತ್ತಿಗೆ ಹೊರದೇಶಗಳಲ್ಲಿ ಚೀಟಿಯ ಪ್ರಯೋಗ ನಡೆದು ಸೋತಿತ್ತು. ಅಮೆರಿಕ 1996ರಲ್ಲಿ ಆನ್‌ಲೈನ್ ಅಸಭ್ಯತೆಗೆ ತಡೆ ಹಾಕುವ ಕಾನೂನು ಮಾಡಿತು. ಮರುವರ್ಷವೇ ಅಲ್ಲಿನ ಸುಪ್ರೀಂ ಕೋರ್ಟು ಅದರ ಮುಖ್ಯ ಭಾಗ ಹೊಡೆದುಹಾಕಿತು. ಮಕ್ಕಳನ್ನು ಕಾಯಲು ಹೋಗಿ ದೊಡ್ಡವರ ಬಾಯಿ ಮುಚ್ಚಿಸಬಾರದು ಎಂಬುದು ಅದರ ವಾದ. ಪಿಕ್ಸ್ ಎಂಬ ತಾಂತ್ರಿಕ ಮಾನದಂಡವೂ ಆಗಲೇ ಬಂತು. ತಾಣದವರೇ ತಮ್ಮ ಪುಟಕ್ಕೆ ಚೀಟಿ ಅಂಟಿಸಬೇಕು, ಓದುವವರ ಬ್ರೌಸರು ಅದನ್ನು ನೋಡಿ ತೋರಿಸಬೇಕು ಅಥವಾ ತಡೆಯಬೇಕು. ಇಕ್ರಾ ಎಂಬ ಸಂಸ್ಥೆ ಇದೇ ದಾರಿಯಲ್ಲಿ ನಡೆದು 2010ರ ಹೊತ್ತಿಗೆ ಕೈಚೆಲ್ಲಿತು. ಸುಮ್ನೆ ಅಂಟಿಸಿ ಎಂದರೆ ಯಾರು ಅಂಟಿಸುತ್ತಾರೆ? ಅಂಟಿಸಿದರೆ ಲಾಭ ಇಲ್ಲ, ಬಿಟ್ಟರೆ ನಷ್ಟ ಇಲ್ಲ.

ಡೀಮೋಝ್ ಎಂಬ ಡೈರೆಕ್ಟರಿ ಇದಕ್ಕಿಂತ ಚೆನ್ನಾಗಿ ಯೋಚಿಸಿತ್ತು. 1998ರಿಂದ 2017ರವರೆಗೆ ಸ್ವಯಂಸೇವಕರು ಕೈಯಲ್ಲೇ ವಿಂಗಡಿಸಿದ ತಾಣಗಳ ಪಟ್ಟಿ ಅದು. ವಯಸ್ಕರ ವಿಭಾಗ ಅದರಲ್ಲಿ ಇತ್ತು, ಆದರೆ ಮುಖಪುಟದಲ್ಲಿ ಅದಕ್ಕೆ ಕೊಂಡಿ ಇರಲಿಲ್ಲ. ಹುಡುಕಿಕೊಂಡು ಹೋದವರಿಗೆ ಸಿಗುತ್ತಿತ್ತು, ಸುಮ್ಮನೆ ಬಂದವರ ಕಣ್ಣಿಗೆ ಬೀಳುತ್ತಿರಲಿಲ್ಲ. ಪಟ್ಟಿಯಲ್ಲಿ ಇದ್ದದ್ದರಿಂದ ಅದನ್ನು ನೋಡಿಕೊಳ್ಳುವ ಸಂಪಾದಕರೂ ಇದ್ದರು. ವಿಡಿಯೊ ಲೈಬ್ರರಿಯ ಕೌಂಟರಿನ ಕೆಳಗೆ ಇಲ್ಲದ್ದು ಇದೇ.

ಭಾರತದಲ್ಲಿ ಮಾತ್ರ ಬೀಗ ಹಾಕುವ ಕೆಲಸ ಜೋರಾಯಿತು. 2015ರ ಜುಲೈ 31ರಂದು ಟೆಲಿಕಾಂ ಇಲಾಖೆ 857 ತಾಣಗಳನ್ನು ಒಂದೇ ಏಟಿಗೆ ಮುಚ್ಚಲು ಹೇಳಿತು. ಅದರಲ್ಲಿ ಕೆಲವು ಹಾಸ್ಯದ ತಾಣಗಳೂ ಸಿಕ್ಕಿಬಿದ್ದವು. ಗಲಾಟೆಯಾಗಿ ಕೆಲವೇ ದಿನದಲ್ಲಿ ಆದೇಶ ಸಡಿಲವಾಯಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದ ಮೇಲೆ 827 ತಾಣಗಳು ಮತ್ತೆ ಮುಚ್ಚಿದವು. ಮುಚ್ಚಿದ ತಾಣಗಳ ಹೆಸರಿನಲ್ಲಿ ಒಂದು ಅಕ್ಷರ ಬದಲಿಸಿ ಮರುದಿನವೇ ತೆರೆಯುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಕದ್ದು ತೆಗೆದ ವಿಡಿಯೊಗಳು ಈ ಗದ್ದಲದಲ್ಲಿ ಟೆಲಿಗ್ರಾಂ, ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಲೇ ಇದ್ದವು.

2015ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಶ್ರೇಯಾ ಸಿಂಘಾಲ್ ತೀರ್ಪು ಒಂದು ಗೆರೆ ಎಳೆದಿತ್ತು. ಯಾರೋ ದೂರಿದರು ಅಂತ ತಾಣ ಎಲ್ಲವನ್ನೂ ತೆಗೆಯಬೇಕಿಲ್ಲ, ಕೋರ್ಟಿನ ಆದೇಶ ಅಥವಾ ಸರ್ಕಾರದ ಸೂಚನೆ ಬಂದರೆ ತೆಗೆಯಬೇಕು ಎಂದಿತು. ಈಗ ಆ ಸೂಚನೆಗಳು ಕೇಂದ್ರ ಸರ್ಕಾರದ ಸಹಯೋಗ್ ಎಂಬ ಪೋರ್ಟಲಿನ ಮೂಲಕ ಹೋಗುತ್ತವೆ. ಅದನ್ನು ಪ್ರಶ್ನಿಸಿದ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ಅರ್ಜಿಯನ್ನು 2025ರ ಸೆಪ್ಟೆಂಬರಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ವಜಾ ಮಾಡಿತು. ತೆಗೆಸುವ ಅಧಿಕಾರ ಅಷ್ಟೊಂದು ಅಧಿಕಾರಿಗಳ ಕೈಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಯಂತ್ರದ ವಿಷಯಕ್ಕೆ ಬರೋಣ. 2016ರಲ್ಲಿ ಯಾಹೂ ತನ್ನ ಬೆತ್ತಲೆ ಗುರುತಿಸುವ ಪ್ರೋಗ್ರಾಮನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಚಿತ್ರ ಕೊಟ್ಟರೆ ಅದು ಸೊನ್ನೆಯಿಂದ ಒಂದರ ನಡುವೆ ಒಂದು ಅಂಕ ಕೊಡುತ್ತದೆ. 0.2ಕ್ಕಿಂತ ಕಡಿಮೆ ಇದ್ದರೆ ಬಹುತೇಕ ಸುರಕ್ಷಿತ. 0.8 ದಾಟಿದರೆ ಬಹುತೇಕ ಅಲ್ಲ. ನಡುವಿನದ್ದು? ಅದನ್ನು ತಾಣದವರೇ ತೀರ್ಮಾನಿಸಬೇಕು. ಎಲ್ಲ ಜಗಳವೂ ಇರುವುದು ಆ ನಡುವಿನ ಜಾಗದಲ್ಲಿ. ದಿಗಂಬರ ಮುನಿಗಳ ವಿಹಾರ, ಹೆರಿಗೆಯ ಪಾಠ, ಎದೆಹಾಲು ಕುಡಿಸುವ ರೀತಿ, ಮಣಿಪಾಲದ ವೈದ್ಯರೊಬ್ಬರು ಸ್ತನದ ಗಂಟು ಹೇಗೆ ಮುಟ್ಟಿ ನೋಡಬೇಕೆಂದು ತೋರಿಸುವ ವಿಡಿಯೊ, ಇವೆಲ್ಲ ಅಲ್ಲೇ ಬಂದು ನಿಲ್ಲಬಹುದು. 2018ರ ಡಿಸೆಂಬರಿನಲ್ಲಿ ಟಂಬ್ಲರ್ ಎಂಬ ಬ್ಲಾಗ್ ತಾಣ ವಯಸ್ಕರ ವಿಷಯ ಪೂರ್ತಿ ನಿಲ್ಲಿಸಿತು. ಶಿಲ್ಪಕಲೆಗೆ ವಿನಾಯಿತಿ ಎಂದು ನಿಯಮದಲ್ಲೇ ಬರೆದಿತ್ತು. ಆದರೂ ಅದರ ಯಂತ್ರ ಏನೇನೋ ನಿರುಪದ್ರವಿ ಚಿತ್ರಗಳನ್ನೆಲ್ಲ ಹಿಡಿದುಹಾಕಿತು.

ಚೀಟಿಯೂ ತಪ್ಪಾಗಿ ಬಿದ್ದರೆ ಕತ್ತರಿಯ ಕೆಲಸವನ್ನೇ ಮಾಡುತ್ತದೆ. 2017ರಲ್ಲಿ, ದೊಡ್ಡವರ ವಿಷಯವನ್ನು ಮರೆ ಮಾಡಲು ಇರುವ ಯೂಟ್ಯೂಬಿನ ರಿಸ್ಟ್ರಿಕ್ಟೆಡ್ ಮೋಡ್ ಸಲಿಂಗಿಗಳು ತಮ್ಮ ಬದುಕಿನ ಬಗ್ಗೆ ಮಾತಾಡಿದ ವಿಡಿಯೊಗಳನ್ನು ಮರೆ ಮಾಡಿತ್ತು. ಕಂಪನಿ ತಪ್ಪು ಒಪ್ಪಿ ಸರಿಪಡಿಸಿದಾಗ ಮತ್ತೆ ಕಾಣಿಸಿಕೊಂಡ ವಿಡಿಯೊಗಳು 1.2 ಕೋಟಿ. ಸ್ತನ ಪರೀಕ್ಷೆಯ ವಿಡಿಯೊಗೆ ಬ್ಲೂ ಫಿಲ್ಮಿನ ಚೀಟಿಯೇ ಬಿದ್ದರೆ 17 ವರ್ಷದ ಹುಡುಗಿಗೆ ಅದು ಸಿಗುವುದಿಲ್ಲ. ಅವಳಿಗೆ ಗೊತ್ತಿರಬೇಕಾದ ವಿಷಯ ಅದು.

ಒಪ್ಪಿಗೆಯ ಪ್ರಶ್ನೆ ಕಾನೂನಿಗೆ ಸರಿಯಾಗಿ ಬಂದದ್ದು 2013ರಲ್ಲಿ. ದಂಡ ಸಂಹಿತೆಗೆ ಸೇರಿದ 354ಸಿ ಸೆಕ್ಷನ್ ಹೆಣ್ಣಿನ ಖಾಸಗಿ ದೃಶ್ಯ ಕದ್ದು ನೋಡುವುದನ್ನು, ತೆಗೆಯುವುದನ್ನು ಅಪರಾಧ ಮಾಡಿತು. ಅದರ ವಿವರಣೆಯಲ್ಲಿ ಒಂದು ಬಹಳ ಒಳ್ಳೆಯ ಮಾತಿದೆ. ಚಿತ್ರ ತೆಗೆಯಲು ಒಪ್ಪಿದ್ದರೂ, ಬೇರೆಯವರಿಗೆ ಹಂಚಲು ಒಪ್ಪದಿದ್ದರೆ ಹಂಚುವುದು ಅಪರಾಧ. ಪ್ರೀತಿಸುವಾಗ ಕಳಿಸಿದ್ದನ್ನು ಮುರಿದ ಮೇಲೆ ಹರಿಬಿಡುವವರಿಗೆ ಇದಕ್ಕಿಂತ ನೇರ ಉತ್ತರ ಇಲ್ಲ. ಈಗ ಅದು ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್. 2021ರ ಐಟಿ ನಿಯಮ ಇದಕ್ಕೆ ಗಡುವನ್ನೂ ಕೊಟ್ಟಿತು. ದೃಶ್ಯದಲ್ಲಿರುವವರು ಅಥವಾ ಅವರ ಪರವಾಗಿ ಯಾರಾದರೂ ದೂರಿದರೆ 24 ಗಂಟೆಯೊಳಗೆ ತೆಗೆಯಬೇಕು ಎಂದಿತು. ಮಕ್ಕಳ ವಿಷಯದಲ್ಲಿ ಒಪ್ಪಿಗೆಯ ಮಾತೇ ಏಳುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಲೈಂಗಿಕ ದೃಶ್ಯಗಳನ್ನು ಇಟ್ಟುಕೊಳ್ಳುವುದೂ ಪೋಕ್ಸೊ ಕಾಯ್ದೆಯಡಿ ಅಪರಾಧ ಎಂದು ಗಟ್ಟಿಯಾಗಿ ಹೇಳಿತು.

ಇದಕ್ಕೆ ತಾಂತ್ರಿಕ ದಾರಿಯೂ ಇದೆ. 2021ರಲ್ಲಿ ಶುರುವಾದ ಸ್ಟಾಪ್‌ಎನ್‌ಸಿಐಐ ಎಂಬ ಸೇವೆಯಲ್ಲಿ ನಿಮ್ಮ ಚಿತ್ರ ನಿಮ್ಮ ಫೋನು ಬಿಟ್ಟು ಹೋಗುವುದಿಲ್ಲ. ಫೋನಿನಲ್ಲೇ ಅದರ ಡಿಜಿಟಲ್ ಬೆರಳಚ್ಚು ತಯಾರಾಗುತ್ತದೆ, ಅದು ಮಾತ್ರ ತಾಣಗಳಿಗೆ ಹೋಗುತ್ತದೆ. ಅದೇ ಚಿತ್ರ ಯಾರಾದರೂ ಏರಿಸಲು ನೋಡಿದರೆ ಸೇರಿಕೊಂಡಿರುವ ತಾಣಗಳು ಹಿಡಿಯಬಹುದು. ಅಶ್ಲೀಲವೋ ಅಲ್ಲವೋ ಎಂದು ಯಾರೂ ತೀರ್ಪು ಕೊಡಬೇಕಿಲ್ಲ.

ಇತ್ತೀಚಿನ ಜಗಳ ವಯಸ್ಸು ಕೇಳುವುದರದ್ದು. ಬ್ರಿಟನ್‌ನಲ್ಲಿ 2025ರ ಜುಲೈ 25ರಿಂದ ಇಂಥ ತಾಣಕ್ಕೆ ಹೋಗುವವರು ಮುಖವನ್ನೋ ಗುರುತಿನ ಚೀಟಿಯನ್ನೋ ಬೇರೆ ಪುರಾವೆಯನ್ನೋ ತೋರಿಸಿ ವಯಸ್ಸು ಸಾಬೀತು ಮಾಡಬೇಕು. ಉದ್ದೇಶ ಒಳ್ಳೆಯದೇ. ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ ಡಿಸ್ಕಾರ್ಡ್ ಎಂಬ ಹರಟೆ ತಾಣದ ಹೊರಗುತ್ತಿಗೆ ಕಂಪನಿಯಿಂದ ಸುಮಾರು 70,000 ಜನರ ಗುರುತಿನ ಚೀಟಿಯ ಚಿತ್ರಗಳು ಸೋರಿದ ಸುದ್ದಿ ಬಂತು. ನಮ್ಮ ಕರಾವಳಿಯಲ್ಲಿ ಯಾರು ಯಾರ ಜೊತೆ ಬಸ್ಸಿನಲ್ಲಿ ಕೂತರು ಎಂದು ಕೇಳಲು ಜನ ಎದ್ದು ಬರುತ್ತಾರೆ. ಯಾರು ಏನು ನೋಡಿದರು ಎಂಬ ಪಟ್ಟಿ ಇಲ್ಲಿ ತಪ್ಪು ಕೈಗೆ ಸಿಕ್ಕರೆ ಏನಾದೀತು ಎಂದು ನನಗೆ ನಿಜವಾಗಿ ಭಯ.

ಹಾಗಾದರೆ ಪಟ್ಟಿ ಮಾಡುವವರು ಏನು ಮಾಡಬಹುದು? ಫ್ರಾನ್ಸಿನ ಫ್ರಾಮಾಸಾಫ್ಟ್ ಸಂಸ್ಥೆ ಮಾಡಿರುವ ಪೀರ್‌ಟ್ಯೂಬ್ ಎಂಬ ತಂತ್ರಾಂಶ ನೋಡಿ. 2018ರಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು. ಯಾರು ಬೇಕಾದರೂ ತಮ್ಮದೇ ವಿಡಿಯೊ ತಾಣ ನಡೆಸಬಹುದು. ಏರಿಸುವವರು ಸೂಕ್ಷ್ಮ ವಿಷಯ ಎಂದು ಗುರುತು ಹಾಕುತ್ತಾರೆ. ಅಂಥದ್ದನ್ನು ಪಟ್ಟಿಯಲ್ಲಿ ತೋರಿಸಬೇಡಿ, ಮಸುಕು ಮಾಡಿ ತೋರಿಸಿ, ಹಾಗೇ ತೋರಿಸಿ, ಇಂಥ ಆಯ್ಕೆಗಳಲ್ಲಿ ಒಂದನ್ನು ತಾಣ ನಡೆಸುವವರು ಆರಿಸುತ್ತಾರೆ. ನೋಡುವವರು ತಮ್ಮ ಸೆಟ್ಟಿಂಗಿನಲ್ಲಿ ಅದನ್ನು ಬದಲಿಸಿಕೊಳ್ಳಬಹುದು. ವಿಡಿಯೊ ಅಲ್ಲೇ ಇರುತ್ತದೆ, ಮುಖಕ್ಕೆ ಬಂದು ಬೀಳುವುದಿಲ್ಲ.

ಯಕ್ಷಗಾನ, ತುಳು ನಾಟಕ, ಕೋಲ, ಮಸ್ತಕಾಭಿಷೇಕ ಎಲ್ಲ ಸೇರಿಸಿ ನಮ್ಮ ಕಡೆಯವರು ಒಂದು ವಿಡಿಯೊ ಪಟ್ಟಿ ಕಟ್ಟಿದರೆ ಇದೇ ಕ್ರಮ ಸಾಕು ಅನ್ನುತ್ತೇನೆ. ಒಂದೇ ಚೀಟಿ ಮಾತ್ರ ಸಾಲದು. ಲೈಂಗಿಕ, ಹಿಂಸೆ, ವೈದ್ಯಕೀಯ, ಧಾರ್ಮಿಕ ಎಂದು ಬೇರೆ ಬೇರೆ ಇರಬೇಕು. ದೂರಿನ ಗುಂಡಿಯೂ ಎರಡು ಬೇಕು. ಚೀಟಿ ತಪ್ಪಾಗಿದೆ ಎನ್ನುವುದಕ್ಕೆ ಒಂದು. ಅದಕ್ಕೆ ನಾಲ್ಕು ದಿನ ತಗೊಂಡು, ಯೋಚಿಸಿ ಉತ್ತರ ಕೊಟ್ಟರೆ ನಡೆಯುತ್ತದೆ. ಇನ್ನೊಂದು, ಈ ವಿಡಿಯೊದಲ್ಲಿ ಇರುವುದು ನಾನು, ನಾನು ಒಪ್ಪಿಲ್ಲ ಎನ್ನುವುದಕ್ಕೆ. ಅದನ್ನು ಒತ್ತಿದ ಕೂಡಲೇ ವಿಡಿಯೊ ಮರೆಯಾಗಬೇಕು. ವಿಚಾರಣೆ ಆಮೇಲೆ. ಆ ದೂರನ್ನು ಓದುವವರು ಕನ್ನಡ, ತುಳು, ಬ್ಯಾರಿ, ಕೊಂಕಣಿ ಬಲ್ಲ ಮನುಷ್ಯರಾಗಿರಬೇಕು.