ರಜೆ ಹಾಕದ ನೌಕರ, ತಾಳೆಯಾಗದ ಲೆಕ್ಕ

1762ರಲ್ಲಿ ಶುರುವಾಗಿದ್ದ ಲಂಡನ್ನಿನ ಬೇರಿಂಗ್ಸ್ ಬ್ಯಾಂಕ್ 1995ರ ಫೆಬ್ರುವರಿಯಲ್ಲಿ ಮುಳುಗಿತು. ಸಿಂಗಪುರದಲ್ಲಿದ್ದ ಅದರ ಟ್ರೇಡರ್ ನಿಕ್ ಲೀಸನ್ 88888 ನಂಬರಿನ ಖಾತೆಯಲ್ಲಿ ನಷ್ಟ ಮುಚ್ಚಿಡುತ್ತಾ ಬಂದಿದ್ದರು. ಕೊನೆಗೆ ಅದು 80 ಕೋಟಿ ಪೌಂಡ್ ದಾಟಿತ್ತು. ವ್ಯವಹಾರ ಮಾಡುವವರೂ ಅವರೇ, ಅದರ ಲೆಕ್ಕ ನೋಡುವವರೂ ಅವರೇ. ಇದು ಸರಿಯಲ್ಲ ಅಂತ 1994ರಲ್ಲೇ ಬ್ಯಾಂಕಿನ ಆಡಿಟ್ ಹೇಳಿತ್ತು. ಸಿಂಗಪುರ ದುಡ್ಡು ಕೇಳುತ್ತಲೇ ಇತ್ತು, ಲಂಡನ್ ಕಳಿಸುತ್ತಲೇ ಇತ್ತು.

ಜನ, ಕೆಲಸದ ಕ್ರಮ, ಕಂಪ್ಯೂಟರ್ ವ್ಯವಸ್ಥೆ, ಹೊರಗಿನ ಘಟನೆ: ಇವುಗಳಿಂದ ಆಗುವ ನಷ್ಟದ ಅಪಾಯಕ್ಕೆ ಆಪರೇಷನಲ್ ರಿಸ್ಕ್ ಅನ್ನುತ್ತಾರೆ. ಬ್ಯಾಂಕುಗಳಿಗಾಗಿ 2004ರಲ್ಲಿ ಬಂದ ಅಂತರರಾಷ್ಟ್ರೀಯ ಬಾಸೆಲ್ 2 ನಿಯಮ ಇದಕ್ಕೂ ಬಂಡವಾಳ ಎತ್ತಿಡಿ ಎಂದಿತು. 2005ರಲ್ಲಿ ರಿಸರ್ವ್ ಬ್ಯಾಂಕ್ ನಮ್ಮ ಬ್ಯಾಂಕುಗಳಿಗೆ ಮಾರ್ಗದರ್ಶಿ ಕೊಟ್ಟಿತು. ಅಪಾಯದ ಸುಳಿವು ಕೊಡುವ ಅಂಕಿಗಳು, ಅಂದರೆ ಕೀ ರಿಸ್ಕ್ ಇಂಡಿಕೇಟರ್‌ಗಳು, ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ವರದಿಗಳಿಗೆ ಬಂದವು.

ಆದರೆ ಏನನ್ನು ಎಣಿಸಬೇಕು? ಈ ವರ್ಷ ಎಷ್ಟು ವಂಚನೆ ಆಯಿತು ಅಂತ ಎಣಿಸಿದರೆ ಆಗಿಹೋದದ್ದು ಗೊತ್ತಾಗುತ್ತದೆ, ಅಷ್ಟೇ. ಎಣಿಸಬೇಕಾದ್ದು ಕಾರಣಗಳನ್ನು. ಒಂದೇ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತವರು ಎಷ್ಟು ಜನ? ರಜೆಯನ್ನೇ ಹಾಕದವರು ಯಾರು? (ರಜೆ ಹಾಕಿದರೆ ಕೆಲಸ ಬೇರೆಯವರ ಕೈಗೆ ಹೋಗುತ್ತದೆ, ಮುಚ್ಚಿಟ್ಟದ್ದು ಕಣ್ಣಿಗೆ ಬೀಳಬಹುದು.) ತಾಳೆಯಾಗದೆ ಉಳಿದ ಎಂಟ್ರಿಗಳು ಎಷ್ಟು ದಿನದವು?

ಎಣಿಸಿದರೂ ಸಾಲದು. 2008ರಲ್ಲಿ ಫ್ರಾನ್ಸಿನ ಸೊಸಿಯೆಟೆ ಜೆನೆರಾಲ್ ಬ್ಯಾಂಕ್ 490 ಕೋಟಿ ಯೂರೋ ಕಳೆದುಕೊಂಡಿತು. ಅಲ್ಲಿನ ಟ್ರೇಡರ್ ಜೆರೋಮ್ ಕೆರ್ವಿಯೆಲ್ ಅವರ ವ್ಯವಹಾರಗಳ ಬಗ್ಗೆ ಅದಕ್ಕೂ ಮೊದಲೇ 70ಕ್ಕೂ ಹೆಚ್ಚು ಎಚ್ಚರಿಕೆಗಳು ಬಂದಿದ್ದವು. ಬೆನ್ನುಹತ್ತಿ ಹೋದವರಿಲ್ಲ.

ನಮ್ಮಲ್ಲಿ 2018ರಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಹಗರಣ ಬಯಲಾಯಿತು. ಮುಂಬೈನ ಬ್ರ್ಯಾಡಿ ಹೌಸ್ ಶಾಖೆಯಿಂದ ಸ್ವಿಫ್ಟ್ ಮೂಲಕ, ಅಂದರೆ ಬ್ಯಾಂಕುಗಳು ಒಂದಕ್ಕೊಂದು ಸಂದೇಶ ಕಳಿಸುವ ಜಾಲದ ಮೂಲಕ, ಸಾಲಕ್ಕೆ ಖಾತ್ರಿ ಕೊಡುವ ಪತ್ರಗಳು ಹೋಗುತ್ತಿದ್ದವು, ಬ್ಯಾಂಕಿನ ಮುಖ್ಯ ಲೆಕ್ಕದ ವ್ಯವಸ್ಥೆಯಾದ ಕೋರ್ ಬ್ಯಾಂಕಿಂಗ್‌ಗೆ ಬರುತ್ತಿರಲಿಲ್ಲ. ಎರಡೂ ಒಂದಕ್ಕೊಂದು ಜೋಡಣೆಯಾಗಿರಲಿಲ್ಲ. ಒಬ್ಬ ಅಧಿಕಾರಿ ಆ ಶಾಖೆಯಲ್ಲೇ ವರ್ಷಗಟ್ಟಲೆ ಉಳಿದಿದ್ದರು. ಸ್ವಿಫ್ಟ್ ದುರ್ಬಳಕೆ ಬಗ್ಗೆ 2016ರಿಂದಲೇ ಎಚ್ಚರಿಸಿದ್ದೆವು ಎಂದು ರಿಸರ್ವ್ ಬ್ಯಾಂಕ್ ಹೇಳಿತು. ಸಂಜೆ ಸ್ವಿಫ್ಟ್‌ನಲ್ಲಿ ಹೋದ ಸಂದೇಶಗಳೆಷ್ಟು, ಲೆಕ್ಕದಲ್ಲಿ ಕಂಡವೆಷ್ಟು ಅಂತ ಯಾರಾದರೂ ದಿನಾ ಹೋಲಿಸಿದ್ದರೆ ಸಾಕಿತ್ತು ಅಲ್ವಾ? ವ್ಯತ್ಯಾಸ ಸೊನ್ನೆ ಇಲ್ಲದ ದಿನವೇ ಕೆಂಪು.

2021ರಲ್ಲಿ ರಿಸರ್ವ್ ಬ್ಯಾಂಕ್ ಇನ್ನಷ್ಟು ಬಿಗಿ ಮಾಡಿತು. ಸೂಕ್ಷ್ಮ ಹುದ್ದೆಯಲ್ಲಿರುವವರು ವರ್ಷಕ್ಕೊಮ್ಮೆ ಕನಿಷ್ಠ 10 ಕೆಲಸದ ದಿನ ಒಟ್ಟಿಗೆ ರಜೆ ಹೋಗಬೇಕು, ಅದೂ ಬ್ಯಾಂಕು ಅವರಿಗೆ ಮುಂಚೆ ತಿಳಿಸದೆ ಕಳಿಸಬೇಕು. ಶಾಖೆಯಲ್ಲಿ ಜನ ಕಮ್ಮಿ ಇದ್ದಾಗ ಮ್ಯಾನೇಜರ್‌ಗೆ ಇದು ಕಷ್ಟವೇ. ಹಾಗಾಗಿಯೇ ಈ ರಜೆಗೆ ಹೋಗದವರ ಪಟ್ಟಿ ಶಾಖೆಯಲ್ಲೇ ಉಳಿಯಬಾರದು. ಪ್ರತಿ ತಿಂಗಳು ಮೇಲಿನವರ ಮೇಜಿಗೆ ಹೋಗಬೇಕು.