ಎಂಜಿನ್ ಡೀಸೆಲನ್ನು ಹೀರುವುದಿಲ್ಲ

ಚಾರ್ಮಾಡಿ ಘಾಟಿಯ ಒಂದು ತಿರುವಿನ ಹತ್ತಿರ ನಮ್ಮ ಹಳೆಯ ಡೀಸೆಲ್ ಕಾರು ಮೂರು ಸಲ ಸೋತು ನಿಂತಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಪಿಕಪ್ ಇಲ್ಲ. ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ, ಕೊನೆಗೆ ರಸ್ತೆಯ ಬದಿಗೆ. ಒಂದು ಕಾಲು ಗಂಟೆ ನಿಲ್ಲಿಸಿದರೆ ಮಾತ್ರ ಏನೂ ಆಗಿಯೇ ಇಲ್ಲವೆಂಬಂತೆ ಹತ್ತಿ ಕೊಟ್ಟಿಗೆಹಾರ ಮುಟ್ಟಿಸುತ್ತಿತ್ತು. ಎರಡನೇ ಸಲ ಜೊತೆಗಿದ್ದ ಅತ್ತೆ, "ಈ ಜಾಗ ಯಾಕೋ ಸರಿ ಇಲ್ಲ, ಒಂದು ಕಾಯಿ ಒಡೆದು ಹೋಗುವ" ಎಂದರು. ಒಡೆದೆವು. ಕಾರು ಹೊರಟಿತು. ಮೂರನೇ ಸಲದ ಹೊತ್ತಿಗೆ ಆ ತಿರುವಿನ ಕಥೆ ನೆಂಟರ ಮನೆಗಳಲ್ಲೆಲ್ಲ ಹಬ್ಬಿ, ರಾತ್ರಿ ಆ ದಾರಿಯಲ್ಲಿ ಹೋಗಲು ಹೆದರುವವರೂ ಹುಟ್ಟಿಕೊಂಡರು. ನನಗೆ ಚಿಂತೆಯಾದದ್ದು ಅದು. ಕಾರಿನ ರೋಗಕ್ಕೆ ಔಷಧ ಸಿಗುತ್ತದೆ; ಮಕ್ಕಳ ಮನಸ್ಸಿನಲ್ಲಿ ಕೂತ ಭಯ ಅಷ್ಟು ಸುಲಭಕ್ಕೆ ಏಳುವುದಿಲ್ಲ.

ಗ್ಯಾರೇಜಿನವರ ಅನುಮಾನ ಬೇರೆ ಕಡೆ. "ಕೆಟ್ಟ ಡೀಸೆಲ್ ಹಾಕಿಸಿದ್ದೀರಿ ಸಾರ್" ಎಂದರು. ಅದಕ್ಕೊಂದು ಆಧಾರವೂ ಇತ್ತು: ಮೂರೂ ಸಲ ನಾವು ಘಾಟಿ ಹತ್ತುವ ಮೊದಲು ಟ್ಯಾಂಕ್ ಫುಲ್ ಮಾಡಿಸಿದ್ದೆವು. ಫಿಲ್ಟರ್ ಬದಲಾಯಿತು, ಇಂಜೆಕ್ಟರ್ ಬಿಚ್ಚಿ ತೊಳೆದರು, ಪೈಪಿನ ಜೋಡಣೆಗಳನ್ನೆಲ್ಲ ಬಿಗಿ ಮಾಡಿದರು. ಊರೊಳಗೆ ಓಡಿಸಿದರೆ ಕಾರು ಸರಿಯಾಗಿಯೇ ಇರುತ್ತಿತ್ತು. ಘಾಟಿಗೆ ಹೋದರೆ ಮತ್ತೆ ಅದೇ.

ಬಂದು ಹೋಗುವ ದೋಷವನ್ನು ಹಿಡಿಯಬೇಕಾದರೆ ಯಾವ ಭಾಗ ಹಾಳಾಗಿದೆ ಎಂದು ಹುಡುಕುವುದಕ್ಕಿಂತ ಯಾವುದು ಬದಲಾಗುತ್ತಿದೆ ಎಂದು ಕೇಳಬೇಕು. ಮುರಿದ ಭಾಗ ಕಾಲು ಗಂಟೆಯಲ್ಲಿ ತಾನಾಗಿ ಕೂಡಿಕೊಳ್ಳುವುದಿಲ್ಲ. ಏನೋ ನಿಧಾನವಾಗಿ ತುಂಬಿ, ನಿಧಾನವಾಗಿ ಇಳಿಯುತ್ತಿರಬೇಕು. ಬಿಸಿ ಇರಬಹುದು, ನೀರು ಇರಬಹುದು, ಒತ್ತಡ ಇರಬಹುದು. ಹೊಗೆಯೂ ಸುಳಿವು ಕೊಡುತ್ತದೆ. ಎಳೆಯದಿರುವಾಗ ಕಪ್ಪು ಹೊಗೆ ಕಾರಿದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ: ಟರ್ಬೋದ ಪೈಪು ಸೀಳಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು. ಹೊಗೆಯೇ ಇಲ್ಲದೆ ಸುಮ್ಮನೆ ಸೊರಗಿದರೆ ಹೆಚ್ಚಾಗಿ ಡೀಸೆಲ್ಲೇ ಸಾಲುತ್ತಿಲ್ಲ. ನಮ್ಮದರಲ್ಲಿ ಹೊಗೆ ಇರಲಿಲ್ಲ.

ನಾಲ್ಕನೇ ಸಲ ನಿಂತಾಗ ಎಂಜಿನ್ ಆಫ್ ಮಾಡದೆ ಬಾನೆಟ್ ಎತ್ತಿದೆ. ಹಳೆಯ ಡೀಸೆಲ್ ಕಾರುಗಳಲ್ಲಿ ಟ್ಯಾಂಕಿನಿಂದ ಬರುವ ಪೈಪಿನ ದಾರಿಯಲ್ಲಿ ಕೈಯಿಂದ ಹಿಚುಕುವ ಒಂದು ರಬ್ಬರ್ ಉಂಡೆ ಇರುವುದುಂಟು, ಏರ್ ಹಿಡಿದಾಗ, ಅಂದರೆ ಪೈಪಿನೊಳಗೆ ಗಾಳಿ ಸೇರಿಕೊಂಡಾಗ, ಡೀಸೆಲ್ ತುಂಬಿಸಿಕೊಳ್ಳಲು. ನಿಂಬೆಹಣ್ಣಿಗಿಂತ ತುಸು ದೊಡ್ಡದು. ಯಾವಾಗಲೂ ದುಂಡಗಿರುವ ಆ ಉಂಡೆ ಅವತ್ತು ಒಣಗಿದ ಅಂಜೂರದ ಹಾಗೆ ಚಪ್ಪಟೆಯಾಗಿ, ಎರಡೂ ಬದಿಯ ರಬ್ಬರು ಒಂದಕ್ಕೊಂದು ಅಂಟಿಕೊಂಡಿತ್ತು. ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಯ್ಯೆಂದು ಗಾಳಿ ಒಳಗೆ ನುಗ್ಗಿತು. ಎಣಿಸಿದ್ದರೆ ನಾಲ್ಕೈದು ಸೆಕೆಂಡು. ಓಡಿ ಮುಂದೆ ಬಂದು ನೋಡುತ್ತೇನೆ, ಉಂಡೆ ಮೆಲ್ಲಗೆ ದುಂಡಗಾಗುತ್ತಿದೆ! ಅದನ್ನು ನೋಡಿದ ಸಂತೋಷ ಇವತ್ತಿಗೂ ಕಡಿಮೆಯಾಗಿಲ್ಲ.

ಎಂಜಿನ್ ಟ್ಯಾಂಕಿನಿಂದ ಡೀಸೆಲನ್ನು ಹೀರುತ್ತದೆ ಎಂದೇ ನಾವೆಲ್ಲ ಹೇಳುತ್ತೇವೆ. ನಿಜವಾಗಿ ಹೀರುವುದೆಂಬ ಕೆಲಸವೇ ಲೋಕದಲ್ಲಿಲ್ಲ. ಎಳನೀರಿಗೆ ಸ್ಟ್ರಾ ಹಾಕಿ ಕುಡಿಯುವಾಗ ನಾವು ಬಾಯೊಳಗಿನ ಒತ್ತಡವನ್ನು ಕಡಿಮೆ ಮಾಡುತ್ತೇವೆ, ಅಷ್ಟೇ. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿ. ಕೊಚ್ಚಿದ ತೂತಿನಲ್ಲಿ ಸ್ಟ್ರಾದ ಸುತ್ತ ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ ಕುಡಿದು ನೋಡಿ. ಎರಡು ಗುಟುಕು ಬರುತ್ತದೆ, ಆಮೇಲೆ ಕೆನ್ನೆ ಒಳಗೆ ಹೋಗುತ್ತದೆಯೇ ಹೊರತು ನೀರು ಬರುವುದಿಲ್ಲ. ಅಂಗಡಿಯವರು ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೆಯುವುದೂ ಇದಕ್ಕೇ: ಒಂದರಿಂದ ಎಣ್ಣೆ ಹೊರಗೆ, ಇನ್ನೊಂದರಿಂದ ಗಾಳಿ ಒಳಗೆ. ತೆರೆದ ಬಾವಿ ಇರುವ ರೈತರಿಗಂತೂ ಇದು ಅನುಭವದಿಂದ ಗೊತ್ತು. ಬೇಸಿಗೆಯಲ್ಲಿ ನೀರು ಏಳೆಂಟು ಮೀಟರಿಗಿಂತ ಕೆಳಗಿಳಿದರೆ ದಡದ ಮೇಲಿನ ಪಂಪು ಕೈ ಚೆಲ್ಲುತ್ತದೆ; ಪಂಪನ್ನೇ ಬಾವಿಯೊಳಗೆ ಇಳಿಸಬೇಕಾಗುತ್ತದೆ. ಎಷ್ಟು ಎಚ್‌ಪಿ ಮೋಟಾರು ತಂದರೂ ಆ ಮಿತಿ ಮೀರಲಾಗದು, ಏಕೆಂದರೆ ಮೇಲಕ್ಕೆ ತಳ್ಳುವ ಆಳು ಮೋಟಾರಲ್ಲ.

ಈ ಮಿತಿ ಗೆಲಿಲಿಯೊನನ್ನೂ ಕಾಡಿತ್ತು. ಪಂಪಿನಲ್ಲಿ ನೀರು ಸುಮಾರು 10 ಮೀಟರಿಗಿಂತ ಮೇಲೆ ಏರುವುದಿಲ್ಲವೆಂದು 1638ರ ತನ್ನ ಪುಸ್ತಕದಲ್ಲಿ ಅವನು ಬರೆದ. ಹಗ್ಗ ತನ್ನದೇ ಭಾರಕ್ಕೆ ಹರಿಯುವಂತೆ ನೀರಿನ ಕಂಬವೂ ಹರಿಯುತ್ತದೆ ಎಂಬುದು ಅವನ ವಿವರಣೆ. ಅಷ್ಟು ದೊಡ್ಡ ಬುದ್ಧಿಯೂ ಎಡವಿದ ಜಾಗ ಅದು. ಅವನ ಕೊನೆಯ ದಿನಗಳಲ್ಲಿ ಜೊತೆಗಿದ್ದ ಟೊರಿಚೆಲ್ಲಿ ನೀರಿನ ಬದಲು ಅದಕ್ಕಿಂತ ತುಂಬ ಭಾರದ ಪಾದರಸ ಬಳಸುವ ಪ್ರಯೋಗ ಯೋಚಿಸಿದ. ಗಾಜಿನ ಕೊಳವೆಯಲ್ಲಿ ಪಾದರಸ 76 ಸೆಂಟಿಮೀಟರಿನ ಹತ್ತಿರ ನಿಂತಿತು. ನಾವು ಗಾಳಿಯ ಕಡಲಿನ ತಳದಲ್ಲಿ ಮುಳುಗಿ ಬದುಕುತ್ತಿದ್ದೇವೆ ಎಂದು 1644ರಲ್ಲಿ ಅವನು ಗೆಳೆಯನಿಗೆ ಪತ್ರ ಬರೆದ. ಆ ಕಡಲಿಗೆ ಮೇಲುಭಾಗವಿದ್ದರೆ ಬೆಟ್ಟ ಹತ್ತಿದಂತೆ ಭಾರ ಇಳಿಯಬೇಕಲ್ಲ? 1648ರಲ್ಲಿ ಫ್ರೆಂಚ್ ವಿಜ್ಞಾನಿ ಪಾಸ್ಕಲ್ ತನ್ನ ಭಾವನಿಂದ ಪಾದರಸದ ಕೊಳವೆಯನ್ನು ಫ್ರಾನ್ಸಿನ ಪುಯಿ ದ ದೋಮ್ ಬೆಟ್ಟ ಹತ್ತಿಸಿ ನೋಡಿದ. ಪಾದರಸ ಸುಮಾರು 8 ಸೆಂಟಿಮೀಟರ್ ಇಳಿಯಿತು. ಅಲ್ಲಿಯವರೆಗೆ ಪ್ರಕೃತಿಗೆ ಶೂನ್ಯವೆಂದರೆ ಆಗದು, ಅದಕ್ಕೇ ನೀರು ಮೇಲೇರುತ್ತದೆ ಎಂದು ವಿದ್ವಾಂಸರೇ ನಂಬಿದ್ದರು. ಪ್ರಕೃತಿಗೆ ಮನಸ್ಸು ಕೊಟ್ಟ ಆ ನಂಬಿಕೆಗೂ ತಿರುವಿಗೆ ಮುನಿಸು ಕೊಟ್ಟ ನಮ್ಮ ನಂಬಿಕೆಗೂ ನನಗೆ ದೊಡ್ಡ ಅಂತರ ಕಾಣುವುದಿಲ್ಲ.

ಕಾರಿಗೆ ಬರೋಣ. ಟ್ಯಾಂಕಿನಿಂದ ಡೀಸೆಲ್ ಖರ್ಚಾದಷ್ಟೂ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಅದಕ್ಕೆ ಒಂದು ಸಣ್ಣ ಉಸಿರುಕೊಳವೆ ಇರುತ್ತದೆ. ಹಲವು ಕಾರುಗಳ ಮುಚ್ಚಳದಲ್ಲೂ ಗಾಳಿಯನ್ನು ಒಳಗೆ ಬಿಡುವ ಪುಟ್ಟ ಕವಾಟ ಇರುತ್ತದೆ. ಎರಡೂ ಮುಚ್ಚಿದರೆ ಏನಾದೀತು? ಫುಲ್ ಟ್ಯಾಂಕಿನಲ್ಲಿ ಮೇಲೆ 5 ಲೀಟರ್ ಗಾಳಿ ಉಳಿದಿದೆ ಎನ್ನಿ. 2 ಲೀಟರ್ ಡೀಸೆಲ್ ಖರ್ಚಾದಾಗ ಅದೇ ಗಾಳಿ 7 ಲೀಟರ್ ಜಾಗಕ್ಕೆ ಹರಡಿಕೊಳ್ಳಬೇಕು. ಜಾಗ ಹೆಚ್ಚಿದಷ್ಟೂ ಒತ್ತಡ ಇಳಿಯುತ್ತದೆ ಎಂದು ವಿಜ್ಞಾನಿ ಬಾಯ್ಲ್ 1662ರಲ್ಲಿ ತೋರಿಸಿದ ಲೆಕ್ಕದಂತೆ ಅದು ಏಳರಲ್ಲಿ ಐದು ಪಾಲಿಗೆ, ಅಂದರೆ 71 ಶೇಕಡಾಕ್ಕೆ ಇಳಿಯುತ್ತದೆ. ಟ್ಯಾಂಕ್ ಅರ್ಧ ಇದ್ದರೆ? 22 ಲೀಟರ್ ಗಾಳಿ 24 ಆಗುತ್ತದೆ. ಒತ್ತಡ 92 ಶೇಕಡಾ. ಎಂಜಿನ್‌ಗೆ ಗೊತ್ತೇ ಆಗುವುದಿಲ್ಲ. ಟ್ಯಾಂಕು ಎಷ್ಟು ತುಂಬಿದೆಯೋ ಅಷ್ಟು ಬೇಗ ಕಾರು ಸೋಲುತ್ತದೆ! ಬಂಕಿನ ಡೀಸೆಲ್ ಮೇಲೆ ಅಪವಾದ ಬಂದದ್ದು ಹೀಗೆ. ಇದು ಪೂರ್ತಿ ಬಿಗಿಯಾದ ಟ್ಯಾಂಕಿನ ಲೆಕ್ಕ. ನಿಜದಲ್ಲಿ ಮುಚ್ಚಳದ ಸಂದಿಯಿಂದ ಸ್ವಲ್ಪ ಸ್ವಲ್ಪ ಗಾಳಿ ನುಸುಳುತ್ತಲೇ ಇರುತ್ತದೆ. ಸಪಾಟು ರಸ್ತೆಯಲ್ಲಿ ಖರ್ಚು ಕಡಿಮೆ, ನುಸುಳುವ ಗಾಳಿ ಸಾಕಾಗುತ್ತದೆ. ಘಾಟಿಯಲ್ಲಿ ಎಂಜಿನ್ ಕುಡಿಯುವ ವೇಗ ನುಸುಳುವ ವೇಗವನ್ನು ಮೀರುತ್ತದೆ. ಒಂದೇ ಬಂಕು, ಒಂದೇ ಏರು, ಹೆಚ್ಚುಕಡಿಮೆ ಒಂದೇ ಖರ್ಚು. ಸೋಲುವ ಜಾಗವೂ ಒಂದೇ. ಕಾಯಿ ತೆಗೆದು, ಜುಟ್ಟು ಕಿತ್ತು, ಒಡೆದು, ಕೈಮುಗಿಯುವ ಹೊತ್ತಿನಲ್ಲಿ ಆ ಸಂದಿಯಿಂದಲೇ ಟ್ಯಾಂಕು ಮತ್ತೆ ಉಸಿರು ತುಂಬಿಕೊಳ್ಳುತ್ತಿತ್ತು.

ಗ್ಯಾರೇಜಿನವರು ಪೈಪಿನಲ್ಲಿ ಗುಳ್ಳೆ ಕಂಡು "ಏರ್ ಹಿಡಿದಿದೆ" ಎಂದದ್ದೂ ಸುಳ್ಳಲ್ಲ. ಸೋಡಾ ಬಾಟಲಿ ತೆರೆದಾಗ ಒತ್ತಡ ಇಳಿದು ಗುಳ್ಳೆ ಏಳುವಂತೆ, ಡೀಸೆಲಿನಲ್ಲಿ ಕರಗಿದ ಗಾಳಿಯೂ ಒತ್ತಡ ಇಳಿದಾಗ ಹೊರಬರುತ್ತದೆ. ಮೇಲಿಂದ, ಮಾಮೂಲಿನಲ್ಲಿ ತೊಂದರೆ ಕೊಡದ ಸಡಿಲ ಜೋಡಣೆಯೂ ಆಗ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅವರು ಕಂಡದ್ದು ಪರಿಣಾಮ, ರಿಪೇರಿ ಮಾಡಿದ್ದೂ ಅದನ್ನೇ. ಪರೀಕ್ಷೆಗೆ ಮೊದಲು ಪ್ರತಿಸಲ ಯಾರಾದರೂ ಟ್ಯಾಂಕಿನ ಮುಚ್ಚಳ ತೆಗೆದೇ ತೆಗೆಯುತ್ತಿದ್ದರು. ಅಲ್ಲಿಗೆ ಸಾಕ್ಷಿ ಅಳಿದುಹೋಗುತ್ತಿತ್ತು.

ಮೂಲ ಮುಚ್ಚಳ ಎರಡು ವರ್ಷ ಹಿಂದೆ ಕಳೆದುಹೋಗಿ, ಬೀಗದ ಡೂಪ್ಲಿಕೇಟ್ ಮುಚ್ಚಳ ಹಾಕಿಸಿದ್ದೆ. ಅದರಲ್ಲಿ ಕವಾಟವೇ ಇರಲಿಲ್ಲ. ಆಗ ತೊಂದರೆಯಾಗಲಿಲ್ಲ, ಏಕೆಂದರೆ ಉಸಿರುಕೊಳವೆ ತೆರೆದಿತ್ತು. ಕಳೆದ ಚಳಿಗಾಲ ಕಾರು ಎರಡು ತಿಂಗಳು ಹಟ್ಟಿಯ ಪಕ್ಕ ನಿಂತಿತ್ತು. ಕೊಳವೆಯನ್ನು ಬಿಚ್ಚಿ ತುದಿಗೆ ತಂತಿ ಹಾಕಿದಾಗ ಕಡಲೆ ಗಾತ್ರದ ಮಣ್ಣಿನ ಹೆಂಟೆಗಳು ಒಂದರ ಹಿಂದೆ ಒಂದು ಉದುರಿದವು. ಕುಂಬಾರ ಹುಳದ ಗೂಡು. ಒಂದು ಹೆಂಟೆಯನ್ನು ಉಗುರಿನಲ್ಲಿ ಒಡೆದರೆ ಒಳಗೆ, ಮರಿಗೆಂದು ಕೂಡಿಟ್ಟ ಮೂರು ಹಸಿರು ಕಂಬಳಿಹುಳಗಳು ಒಣಗಿ ಮುರುಟಿಕೊಂಡಿದ್ದವು. ಅದನ್ನು ಕಾಗದದಲ್ಲಿ ಕಟ್ಟಿ ಅತ್ತೆಯ ಮನೆಗೆ ಒಯ್ದೆ. ಅವರು ಕನ್ನಡಕ ಹಾಕಿಕೊಂಡು ಬಿಸಿಲಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಮೊಮ್ಮಕ್ಕಳನ್ನು ಕರೆದು ತೋರಿಸಿದರು.